ಶೂ ಎಂದರೆ ‘ಕುತ್ಸು’, ನೋವೆಂದರೆ ‘ಕುತ್ಸೂ’

ಮದುವೆ ಮನೆಯಲ್ಲಿ ಊಟದ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಹೈ ಹೀಲ್ಸ್ ಪಕ್ಕಕ್ಕೆ ಬಿದ್ದಿರುತ್ತವೆ, ಕೆಂಪಾದ ಬೆರಳುಗಳು ತಣ್ಣನೆ ನೆಲಕ್ಕೆ ಒತ್ತಿಕೊಂಡಿರುತ್ತವೆ. ಹಿಮ್ಮಡಿ ಮೇಲೆದ್ದಷ್ಟೂ ಮೈಭಾರ ಮುಂಗಾಲಿಗೆ ಜಾರುತ್ತದೆ. ವರ್ಷಗಟ್ಟಲೆ ದಿನವೂ ಹಾಕಿದರೆ ಮೀನಖಂಡದ ಸ್ನಾಯು ಗಿಡ್ಡವಾಗಬಹುದು. ಆಮೇಲೆ ಬರಿಗಾಲಲ್ಲಿ ನಡೆದರೂ ಎಳೆತ.

ಈ ನೋವಿಗೆ ಜಪಾನಿನಲ್ಲಿ ಒಂದು ಹೆಸರೇ ಹುಟ್ಟಿತು. ಅಂತ್ಯಸಂಸ್ಕಾರದ ಸಂಸ್ಥೆಯೊಂದರಲ್ಲಿ ಹೀಲ್ಸ್ ಹಾಕಿಯೇ ದುಡಿಯಬೇಕಿದ್ದ ಯುಮಿ ಇಶಿಕಾವಾ, ಈ ಪದ್ಧತಿ ತೊಲಗಲಿ ಅಂತ 2019ರ ಜನವರಿಯಲ್ಲಿ ಟ್ವೀಟ್ ಮಾಡಿದರು. ಜಪಾನಿ ಭಾಷೆಯಲ್ಲಿ ‘ಕುತ್ಸು’ ಅಂದರೆ ಶೂ, ‘ಕುತ್ಸೂ’ ಅಂದರೆ ನೋವು. ಎರಡನ್ನೂ ಲೈಂಗಿಕ ಕಿರುಕುಳದ ವಿರುದ್ಧದ ಮೀಟೂ ಚಳವಳಿಯ ಹೆಸರಿನ ಜೊತೆ ಬೆಸೆದರೆ ‘ಕೂಟೂ’! ಸಾವಿರಾರು ಸಹಿಗಳ ಮನವಿ ಸರ್ಕಾರಕ್ಕೆ ಹೋಯಿತು. ಕಾರ್ಮಿಕ ಸಚಿವರು ಮಾತ್ರ ಹೀಲ್ಸ್ ನಿಯಮದ ಪರವಾಗಿಯೇ ಮಾತಾಡಿದರು. ಅದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಆದರೆ ಮರುವರ್ಷವೇ ಜಪಾನ್ ಏರ್‌ಲೈನ್ಸ್ ತನ್ನ ಮಹಿಳಾ ಸಿಬ್ಬಂದಿಗೆ ಹೀಲ್ಸ್ ಕಡ್ಡಾಯ ಅನ್ನೋ ನಿಯಮ ಕೈಬಿಟ್ಟಿತು.

ಅದೇ ಹೊತ್ತಿಗೆ ಕೋವಿಡ್ ಬಂದು ಎಷ್ಟೋ ಜನರಿಗೆ ಮನೆಯೇ ಆಫೀಸಾಯಿತು. ತಿಂಗಳುಗಟ್ಟಲೆ ಹವಾಯಿ ಚಪ್ಪಲಿಯಲ್ಲಿ ಹಾಯಾಗಿದ್ದ ಕಾಲು ಮತ್ತೆ ಆ ಎತ್ತರ ಏರಲು ಸುಲಭಕ್ಕೆ ಒಪ್ಪಲಿಲ್ಲ. ಈಗ ನೋಡಿ, ಸೀರೆಯ ಅಂಚಿನ ಕೆಳಗೂ ಬಿಳಿ ಸ್ನೀಕರ್ಸ್ ಇಣುಕುತ್ತಿವೆ.