ಬೋಟಿನ ಶಾಫ್ಟು ಮತ್ತು ಫ್ಯಾನು: ಮಳೆಗಾಲದ ಪರೀಕ್ಷೆಯೂ ದುರಸ್ತಿಯೂ

ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಮಂಗಳೂರಿನ ಅಳಿವೆಬಾಗಿಲಿನಲ್ಲಿ ಬೋಟು ಮುನ್ನಡೆಯದೆ ನಿಂತಿತೆಂದರೆ ತಂಡೇಲನಿಗೆ ಯೋಚಿಸಲು ಹೆಚ್ಚು ಅವಕಾಶವಿರುವುದಿಲ್ಲ. ಅಲೆಯು ಅದನ್ನು ಅಡ್ಡಲಾಗಿ ತಿರುಗಿಸಿ ಮರಳದಿಬ್ಬಕ್ಕೆ ಎಸೆದುಬಿಡುವುದು. ಇಂತಹ ಸಂದರ್ಭದಲ್ಲಿ ಎಂಜಿನು ಚೆನ್ನಾಗಿಯೇ ಓಡುತ್ತಿದ್ದು, ಅದರ ಶಕ್ತಿಯನ್ನು ನೀರಿಗೆ ಮುಟ್ಟಿಸತಕ್ಕ ಭಾಗವು ಮಾತ್ರ ಕೆಟ್ಟಿರುವುದೂ ಉಂಟು. ಆದಕಾರಣ ಬೋಟಿನಲ್ಲಿ ಹಣ ತೊಡಗಿಸಿರುವ ಭೂಮಾಲಿಕರೂ, ಮೀನುಗಾರರ ಗ್ರಾಮಗಳ ಮುಖಂಡರೂ ಈ ವಿಷಯವನ್ನು ಅರಿತಿರುವುದು ಯುಕ್ತವಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದು. ರೈತನು ಗದ್ದೆಗಿಳಿಯುವ ತಿಂಗಳುಗಳಲ್ಲಿಯೇ ಬೋಟಿನ ಯಜಮಾನನು ಬಡಗಿಯನ್ನೂ ಮೆಕ್ಯಾನಿಕನನ್ನೂ ಹುಡುಕುವನು. ಜುಲೈ ಕೊನೆಯ ವಾರದಲ್ಲಿ ಎಲ್ಲರೂ ಒಟ್ಟಿಗೆ ಅವಸರಪಡುವುದರಿಂದ, ಬೋಟು ದಡವೇರಿದೊಡನೆಯೇ ಶಾಫ್ಟನ್ನು ಹೊರತೆಗೆಯಿಸುವುದು ಲೇಸು.

1959ರಲ್ಲಿ ಸ್ವೀಡನ್ ದೇಶದ ವೋಲ್ವೊ ಪೆಂಟಾ ಸಂಸ್ಥೆಯು ಎಂಜಿನನ್ನು ದೋಣಿಯ ಒಳಗಿರಿಸಿ, ಗೇರುಗಳುಳ್ಳ ಕಾಲನ್ನು ಹಿಂಬದಿಯ ಹೊರಗೆ ಇಳಿಬಿಡುವ ಏರ್ಪಾಡನ್ನು ಮಾರಾಟಕ್ಕೆ ತಂದಿತು. ವಿಹಾರದ ದೋಣಿಗಳಿಗೆ ಅದು ಒಪ್ಪುವುದು. ಭಾರವಾದ ಬಲೆಯನ್ನೆಳೆಯುವ ಟ್ರಾಲ್ ಬೋಟುಗಳಿಗಾದರೋ, ಗೇರ್ ಬಾಕ್ಸಿನಿಂದ ನೇರವಾಗಿ ಹಿಂದಕ್ಕೆ ಸಾಗುವ ಉದ್ದನೆಯ ಶಾಫ್ಟೇ ಸರಿ.

ಮೊದಲು ನೋಡತಕ್ಕದ್ದು ಫ್ಯಾನನ್ನು. ರೆಕ್ಕೆಯ ಅಂಚು ಬಾಗಿದ್ದರೆ ಅಥವಾ ಸೀಳಿದ್ದರೆ ಶಾಫ್ಟು ನಡುಗಿ, ಬುಷ್ಷು ಬೇಗನೆ ಸವೆಯುವುದು. ಹಿತ್ತಾಳೆಯ ಫ್ಯಾನಿನಲ್ಲಿ ಅಲ್ಲಲ್ಲಿ ಕೆಂಗುಲಾಬಿ ಬಣ್ಣ ಕಂಡರೆ, ಉಪ್ಪುನೀರು ಲೋಹದೊಳಗಿನ ಸತುವನ್ನು ತಿಂದುಹಾಕಿದೆಯೆಂದು ತಿಳಿಯಬೇಕು. ಅಂತಹುದು ನೋಟಕ್ಕೆ ಗಟ್ಟಿಯಾಗಿದ್ದರೂ ಒಳಗೆ ಟೊಳ್ಳು. ಈ ಹಾನಿಯನ್ನು ತನ್ನ ಮೇಲೆ ತೆಗೆದುಕೊಳ್ಳಲೆಂದೇ ಸತುವಿನ ತುಂಡುಗಳನ್ನು ಜೋಡಿಸುವರು. ಅರ್ಧದಷ್ಟು ಸವೆದುದನ್ನು ಬದಲಾಯಿಸತಕ್ಕದ್ದು. ಬೋಟಿಗೆ ಬಣ್ಣ ಬಳಿಯುವಾಗ ಆ ತುಂಡುಗಳಿಗೂ ಬಳಿದುಬಿಡುವುದು ಸಾಮಾನ್ಯವಾದ ತಪ್ಪು. ಬಣ್ಣ ಬಳಿದ ಸತುವು ಇದ್ದೂ ಇಲ್ಲದಂತೆಯೇ.

ತರುವಾಯ ಶಾಫ್ಟಿನ ತುದಿಯನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಆಟವು ಹೆಚ್ಚಾಗಿದ್ದರೆ ಬುಷ್ಷು ಸವೆದಿದೆ. ಹಳೆಯ ಬಲೆಯ ನೈಲಾನು ನೂಲು ಸುತ್ತಿಕೊಂಡು ಬಿಸಿಯಿಂದ ಕರಗಿ ಬುಷ್ಷಿನ ಬಾಯಿಯಲ್ಲಿ ಗಟ್ಟಿಯಾಗಿ ಕೂತಿರುವುದೂ ಉಂಟು. ಅದನ್ನು ಕೆರೆದು ತೆಗೆಯದೆ ಹೊಸ ಬುಷ್ಷು ಹಾಕಿಸಿದರೆ ಹಣ ವ್ಯರ್ಥ. ಫ್ಯಾನನ್ನು ಶಾಫ್ಟಿಗೆ ಬಂಧಿಸುವ ಕೀಲಿಯನ್ನೂ, ಅದು ಕೂರುವ ಗಾಡಿಯನ್ನೂ ಪರೀಕ್ಷಿಸತಕ್ಕದ್ದು. ಸಡಿಲವಾದ ಕೀಲಿಯ ಪಕ್ಕಕ್ಕೆ ತಗಡನ್ನು ತುರುಕಿ ಕೆಲಸ ಸಾಗಿಸುವವರು ಸಮುದ್ರದ ನಡುವೆ ಫ್ಯಾನನ್ನೇ ಕಳೆದುಕೊಳ್ಳಬಹುದು.

ಶಾಫ್ಟಿಗೂ ಗೇರ್ ಬಾಕ್ಸಿಗೂ ಇರುವ ಜೋಡಣೆಯನ್ನು ಕಟ್ಟಕಡೆಗೆ ಸರಿಪಡಿಸುವುದು ಬೋಟು ನೀರಿಗಿಳಿದ ಮೇಲೆಯೇ. ಮರದ ಮೈಯು ದಡದ ಮೇಲೆ ಒಂದು ಆಕಾರದಲ್ಲಿಯೂ, ನೀರಿನಲ್ಲಿ ತೇಲುವಾಗ ಮತ್ತೊಂದು ಆಕಾರದಲ್ಲಿಯೂ ನಿಲ್ಲುವುದು. ಎರಡು ಚಕ್ರಗಳ ನಡುವಿನ ಸಂದನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತೆಳು ಪಟ್ಟಿಯಿಂದ ಅಳೆದು, ನಾಲ್ಕೂ ಸಮವಾಗುವಂತೆ ಎಂಜಿನನ್ನು ಸರಿಸಬೇಕು. ಶಾಫ್ಟು ಒಳಬರುವಲ್ಲಿ ತುಂಬಿದ ಗ್ರೀಸಿನ ಹುರಿಯನ್ನು ಒಂದು ಹನಿಯೂ ಬೀಳದಂತೆ ಬಿಗಿಯುವುದು ಜಾಣತನವಲ್ಲ. ಶಾಫ್ಟು ತಿರುಗುವಾಗ ಆಗೊಂದು ಈಗೊಂದು ಹನಿ ತೊಟ್ಟಿಕ್ಕಬೇಕು. ಆ ನೀರೇ ಹುರಿಯನ್ನು ತಂಪಾಗಿಡುವುದು. ಒಂದು ಗಂಟೆ ಓಡಿಸಿದ ಮೇಲೆ ಆ ಜಾಗವನ್ನು ಕೈಯಿಂದ ಮುಟ್ಟಿ ನೋಡಿ, ಸುಡುವಂತಿದ್ದರೆ ನಟ್ಟನ್ನು ಸ್ವಲ್ಪ ಸಡಿಲಿಸತಕ್ಕದ್ದು.