ಮನೆ ಕಾಯೋಕೆ ಪಿಸ್ತೂಲ್ ಬೇಕಾ? ಪೊಲೀಸರ ಲೆಕ್ಕವೇ ಬೇರೆ

ಪಕ್ಕದ ಬೀದಿಯಲ್ಲಿ ಕಳ್ಳತನ ಆಯ್ತು ಅಂದ್ರೆ ಸಾಕು, ಅಪಾರ್ಟ್‌ಮೆಂಟ್‌ನ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ನಾವೂ ಒಂದು ಪಿಸ್ತೂಲ್ ಇಟ್ಕೊಂಡ್ರೆ ಹೇಗೆ?"

ಮನೆಯ ರಕ್ಷಣೆಗೆ ಪಿಸ್ತೂಲ್ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕೇ ಬೇಕು. ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್‌ಗೆ, ಜಿಲ್ಲೆಗಳಲ್ಲಿ ಡಿ.ಸಿ.ಗೆ ಅರ್ಜಿ ಹಾಕಬೇಕು. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 2 ವರ್ಷ ಜೈಲು.

ಅರ್ಜಿ ಬಂದಮೇಲೆ ನಿಮ್ಮ ಏರಿಯಾ ಠಾಣೆಯಿಂದ ವರದಿ ತರಿಸುತ್ತಾರೆ. ನಿಮ್ಮ ಮೇಲೆ ಕೇಸ್ ಇದೆಯಾ? ಜೀವಕ್ಕೆ ನಿಜವಾಗಿ ಬೆದರಿಕೆ ಇದೆಯಾ? ಬಂದೂಕನ್ನು ಎಲ್ಲಿ, ಹೇಗೆ ಇಡ್ತೀರಿ? "ಭಯ ಆಗುತ್ತೆ ಸಾರ್" ಅಂದರೆ ಸಾಮಾನ್ಯವಾಗಿ ಸಾಲದು.

ಕೊನೆಯ ಪ್ರಶ್ನೆಯಲ್ಲೇ ನಿಜವಾದ ತೊಡಕಿರುವುದು. ಬೀರುವಿನಲ್ಲಿ ಬೀಗ ಹಾಕಿ, ಗುಂಡು ಬೇರೆ ಇಟ್ಟರೆ ಮನೆಯವರು ಸೇಫ್. ಆದರೆ ರಾತ್ರಿ 2 ಗಂಟೆಗೆ ಬಾಗಿಲು ಮುರಿದರೆ ನಿದ್ದೆಗಣ್ಣಲ್ಲಿ ಬೀಗದ ಕೈ ಹುಡುಕಬೇಕು. ಗುಂಡು ತುಂಬಿಸಿ ದಿಂಬಿನಡಿ ಇಟ್ಟರೆ ಕಳ್ಳನಿಗಿಂತ ಮೊದಲು ಮಗುವಿನ ಕೈಗೆ ಸಿಗಬಹುದು. ಮನೆಯ ಜಗಳದಲ್ಲಿ, ಕುಡಿದ ಮತ್ತಿನಲ್ಲಿ, ಬದುಕು ಬೇಡ ಅನಿಸಿದ ಗಳಿಗೆಯಲ್ಲಿ ಅದು ಕೈಗೆಟುಕುತ್ತದೆ. ನೀವಿಲ್ಲದಾಗ ಮನೆ ಕಳ್ಳತನವಾದರೆ, ಆ ಪಿಸ್ತೂಲ್ ಕಳ್ಳನದ್ದೇ.

ಹಾರಿಸಿದಿರಿ ಅಂತಲೇ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 41ರ ಪ್ರಕಾರ, ರಾತ್ರಿ ಮನೆ ಒಡೆದು ನುಗ್ಗುವವನನ್ನು ತಡೆಯುವ ಹಕ್ಕು ಅವನ ಪ್ರಾಣ ಹೋಗುವವರೆಗೂ ಚಾಚಬಹುದು. ಆದರೆ ಕಲಂ 37 ಕೈ ಹಿಡಿದು ನಿಲ್ಲಿಸುತ್ತದೆ: ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಓಡಿಹೋಗುತ್ತಿದ್ದವನ ಬೆನ್ನಿಗೆ ಗುಂಡು ಬಿದ್ದಿದ್ದರೆ, ಉತ್ತರ ಹೇಳಬೇಕಾದವರು ನೀವು. ಕತ್ತಲಲ್ಲಿ ಬಂದವನು ಕಳ್ಳನಲ್ಲ, ತಡವಾಗಿ ಮನೆಗೆ ಬಂದ ತಮ್ಮ ಅಂತಾದರೆ ಯಾವ ಕಲಮೂ ಸಮಾಧಾನ ಕೊಡಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಗಟ್ಟಿ ಬಾಗಿಲು, ಒಳಗಿನಿಂದ ಎರಡು ಚಿಲಕ, ಹೊರಗೊಂದು ಲೈಟ್ ಇರಲಿ. ಊರಿಗೆ ಹೋಗುವಾಗ ಠಾಣೆಗೆ ತಿಳಿಸಿ ಹೋಗಿ, ಬೀಟ್ ಪೊಲೀಸರು ಮನೆ ಕಡೆ ಕಣ್ಣಿಡಬಹುದು. ರಾತ್ರಿ ಸದ್ದಾದರೆ ಎಲ್ಲರೂ ಒಂದೇ ರೂಮಿಗೆ ಸೇರಿ ಚಿಲಕ ಹಾಕಿ, 112ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರನ್ನು ಕೂಗಿ. ಟಿವಿ, ಒಡವೆ ಹೋದರೆ ಮತ್ತೆ ಸಂಪಾದಿಸಬಹುದು.