ಮಗುವಿನ ಕೈಯ ಧ್ವನಿಮುದ್ರಣ: ಸಾಕ್ಷ್ಯವೋ, ಅಪರಾಧವೋ?



ತನ್ನ ಮೇಲೆ ನಡೆಯುತ್ತಿರುವ ದೌರ್ಜನ್ಯಕ್ಕೆ ಬೇರೆ ಸಾಕ್ಷಿಯಿಲ್ಲದೆ, ಮಗುವೊಂದು ಆ ಮಾತುಗಳನ್ನು ಗುಟ್ಟಾಗಿ ಮುದ್ರಿಸಿಕೊಂಡು ತಂದಿತೆನ್ನೋಣ. ಕಾನೂನು ಅದನ್ನು ಕೇಳುವುದೋ, ಬದಿಗಿಡುವುದೋ? ನಮ್ಮ ಅನೇಕ ಮನೆಗಳ ಮಕ್ಕಳು ಇಂದು ನೆಲೆಸಿರುವ ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಪೀಠದ ಮುಂದೆ ಬಂದದ್ದುಂಟು.

ಫ್ಲಾರಿಡಾ ರಾಜ್ಯದ 16 ವರ್ಷದ ಬಾಲಕಿಯೊಬ್ಬಳು ಅಂಗಿಯೊಳಗೆ ಎಂಪಿ3 ಪ್ಲೇಯರ್ ಬಚ್ಚಿಟ್ಟುಕೊಂಡು, ಮಲತಂದೆಯು ತನ್ನೊಡನೆ ಆಡಿದ ಮಾತುಗಳನ್ನು ಮುದ್ರಿಸಿದಳು. ಅದರ ಬಲದಿಂದ ಕೆಳಗಿನ ನ್ಯಾಯಾಲಯದಲ್ಲಿ ಆತನು ದೋಷಿಯೆನಿಸಿದನು. ಅಮೆರಿಕದ ಕೇಂದ್ರ ಕಾನೂನಿನಂತೆ, ಮಾತುಕತೆಯಲ್ಲಿ ಪಾಲ್ಗೊಂಡವರಲ್ಲಿ ಒಬ್ಬರ ಒಪ್ಪಿಗೆಯಿದ್ದರೆ ಮುದ್ರಣ ಸಕ್ರಮ. ಆದರೆ ಫ್ಲಾರಿಡಾದ ಕಾನೂನು ಎಲ್ಲರ ಒಪ್ಪಿಗೆಯನ್ನೂ ಬೇಡುತ್ತದೆ. ಆದಕಾರಣ 2014ರ ಡಿಸೆಂಬರಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ಆ ಮುದ್ರಣವನ್ನು ಸಾಕ್ಷ್ಯವಾಗಿ ಸ್ವೀಕರಿಸಬಾರದಿತ್ತೆಂದು ತೀರ್ಪಿತ್ತಿತು. ಶಾಸನದಲ್ಲಿಲ್ಲದ ವಿನಾಯಿತಿಯನ್ನು ಶಾಸಕರು ಸೇರಿಸಬಹುದೇ ಹೊರತು ನ್ಯಾಯಾಧೀಶರಲ್ಲವೆಂಬುದು ಅದರ ನಿಲುವು.

ಶಾಸನಸಭೆ ತಡಮಾಡಲಿಲ್ಲ. 2015ರ ಜುಲೈ 1ರಿಂದ ಅಲ್ಲಿ 18 ವರ್ಷದೊಳಗಿನ ಮಗುವು, ತನ್ನ ಮೇಲಿನ ಲೈಂಗಿಕ ದೌರ್ಜನ್ಯ ಅಥವಾ ಹಿಂಸೆಯ ಕುರಿತ ಮಾತು ದೊರೆಯುವುದೆಂದು ನಂಬಲು ಸಕಾರಣವಿದ್ದಲ್ಲಿ, ತಾನು ಪಾಲ್ಗೊಂಡ ಮಾತುಕತೆಯನ್ನು ಮುದ್ರಿಸಿಕೊಳ್ಳಬಹುದಾಗಿದೆ.

ನಮ್ಮ ದೇಶದ ಮಾತೇನು? 1972ರಲ್ಲಿ ಮಲ್ಕಾನಿ ಪ್ರಕರಣವು ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಲಂಚದ ಆರೋಪದ ಆ ಪ್ರಕರಣದಲ್ಲಿ, ದೂರವಾಣಿಯಲ್ಲಿ ಮಾತನಾಡಿದ ವೈದ್ಯರೊಬ್ಬರ ಒಪ್ಪಿಗೆಯಿಂದ ಪೊಲೀಸರು ಸಂಭಾಷಣೆಯನ್ನು ಮುದ್ರಿಸಿದ್ದರು. ನ್ಯಾಯಾಲಯವು ಅದನ್ನು ಸ್ವೀಕರಿಸಿತು. ಮಾತು ವಿಷಯಕ್ಕೆ ಸಂಬಂಧಿಸಿರಬೇಕು, ದನಿ ಯಾರದೆಂದು ಗುರುತು ಸಿಗಬೇಕು, ಅಳಿಸಿ ತಿದ್ದಿದ್ದಾಗಿರಬಾರದು ಎಂಬುವೇ ಮುಖ್ಯ ನಿಬಂಧನೆಗಳು. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಿರಪಟ್ಟಿತು. ಅದರ ಬಳಿಕವೂ, 2025ರ ಜುಲೈನಲ್ಲಿ ದಂಪತಿಗಳ ವಿಚ್ಛೇದನ ಪ್ರಕರಣವೊಂದರಲ್ಲಿ, ಗುಟ್ಟಾಗಿ ಮುದ್ರಿಸಿದ ಸಂಭಾಷಣೆಯನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಅದೇ ನ್ಯಾಯಾಲಯ ಹೇಳಿತು.

ಹೀಗಿರುವಾಗ ಇಂಥ ಮುದ್ರಣವೊಂದು ಕೈಸೇರಿದರೆ ಹಿರಿಯರು ಮಾಡಬೇಕಾದುದೇನು? ಮುದ್ರಿಸಿದ ಮೊಬೈಲನ್ನೇ ಹಾಗೆಯೇ ಕಾದಿಡಬೇಕು. ಅದರಲ್ಲಿ ಏನನ್ನೂ ಕತ್ತರಿಸಬಾರದು, ಸೇರಿಸಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಪ್ರತಿಯನ್ನು ಒಪ್ಪಿಸುವಾಗ ನಿಗದಿತ ಪ್ರಮಾಣಪತ್ರವೂ ಬೇಕು. ಬಂಧುಬಳಗದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಂತೂ ಸಲ್ಲದು. ನೊಂದ ಮಗುವಿನ ಗುರುತು ಬಯಲಾದರೆ ಅದಕ್ಕೆ ಎರಡನೆಯ ಗಾಯವಾದಂತೆ.

ಇದೆಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ದೂರು ಕೊಡಲು ಧ್ವನಿಮುದ್ರಣ ಬೇಕೇಬೇಕೆಂದಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದನ್ನು ಬಲ್ಲವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯುಂಟು. 1098 ಸಂಖ್ಯೆಗೆ ಕರೆಮಾಡಿಯೂ ನೆರವು ಕೇಳಬಹುದು. ನಂಬಲರ್ಹವಾದ ಮಗುವಿನ ಹೇಳಿಕೆಯೊಂದೇ ಶಿಕ್ಷೆಗೆ ಆಧಾರವಾಗಬಲ್ಲದೆಂದು ನಮ್ಮ ನ್ಯಾಯಾಲಯಗಳು ಹೇಳಿವೆ. ಆದುದರಿಂದ ‘ಪುರಾವೆ ತಾ’ ಎಂದು ಮಗುವನ್ನೇ ಮತ್ತೆ ಆ ಕೋಣೆಗೆ ಕಳುಹಿಸುವ ತಪ್ಪನ್ನು ನಾವು ಯಾರೂ ಮಾಡದಿರೋಣ.

ಮನೆತನದ ಮರ್ಯಾದೆ ಹೋಗುವುದೆಂದು ನಾವು ಬಾಯಿ ಮುಚ್ಚಿಸುತ್ತೇವೆ. ಮರ್ಯಾದೆ ಹೋಗುವುದು ಮಗು ಮಾತನಾಡಿದಾಗಲ್ಲ, ನಾವು ಕೇಳದೆ ಹೋದಾಗ. ಯಂತ್ರವನ್ನು ಬಚ್ಚಿಟ್ಟುಕೊಳ್ಳಬೇಕಾದ ಗತಿ ನಮ್ಮ ಯಾವ ಮನೆಯ ಮಗುವಿಗೂ ಬಾರದಿರಲಿ. ಅದು ಅಳುಕುತ್ತ ಆಡುವ ಮೊದಲ ಮಾತಿಗೇ ನಾವು ಕಿವಿಗೊಡುವಂತಾಗಲಿ.